ಬೇಲಾ ಖಾದರ್‌ನ ನಲವತ್ತೊಂದು ಹೆಸರು

ತುಂಗಾ ಅಪಾರ್ಟ್‌ಮೆಂಟ್ಸ್, ಮಯೂರ್ ವಿಹಾರ್, ದೆಹಲಿ
೧೭ ಡಿಸೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಅಭಿ,

ಆಶೀರ್ವಾದವನ್ನು ಕಾಗದದ ಕೊನೆಯಲ್ಲಿ ಬರೆಯುವುದು ನಮ್ಮ ಮನೆಯ ರೂಢಿ. ಈ ಸಲ ಮೊದಲೇ ಬರೆದುಬಿಡುತ್ತೇನೆ. ಆರೋಗ್ಯವಾಗಿರು, ನೂರು ವರ್ಷ ಬಾಳು. ಕೊನೆಗೆ ಬರುವಷ್ಟರಲ್ಲಿ ನನಗೆ ಆ ಮನಸ್ಸು ಉಳಿದಿರುತ್ತದೋ ಇಲ್ಲವೋ ಗೊತ್ತಿಲ್ಲ. ಪಟ್ನಾದಲ್ಲಿ ಚಳಿ ಹೇಗಿದೆ? ದೀಪಾವಳಿಗೆ ಬಂದಾಗ ಇದ್ದ ಒಣಕೆಮ್ಮು ಹೋಯಿತೇ? ಮೂರು ತಿಂಗಳಿನಿಂದ ಹೋಟೆಲ್ ಊಟ ಮಾಡುತ್ತಿದ್ದೀಯ, ರಾತ್ರಿ ಮೊಸರನ್ನ ಸಿಗದಿದ್ದರೆ ಹಾಲನ್ನಾದರೂ ಕುಡಿದು ಮಲಗು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಇಲ್ಲಿ ಹೊಗೆಮಂಜು ಇಳಿದು ಎದುರಿನ ಬ್ಲಾಕ್ ಕಾಣಿಸುತ್ತಿಲ್ಲ. ಸೊಸೈಟಿಯವರ ಮುಖ ನೋಡುವುದು ತಪ್ಪಿತಲ್ಲ ಎಂದು ಅದೂ ಒಳ್ಳೆಯದೇ ಅನ್ನಿಸುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಶನಿವಾರ ಹೇಳಿದೆನಲ್ಲ. ಒಂಬತ್ತು ನಿಮಿಷ ಮಾತಾಡಿದೆವು, ಅದರಲ್ಲಿ ಮೂರು ಸಲ ನೀನು "ಹೋಲ್ಡ್ ಮಾಡು ಅಮ್ಮ" ಅಂದೆ. ಆಮೇಲೆ ನಾನು ಕಳಿಸಿದ ನಾಲ್ಕು ಮೆಸೇಜಿಗೆ ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಕೂತವಳು ನಾನು. ಬಾಯಲ್ಲಿ ಹೇಳಿದ್ದನ್ನು ನಾಳೆ ಹೇಳಿಯೇ ಇಲ್ಲ ಎನ್ನುವುದು ಎಷ್ಟು ಸುಲಭ ಎಂದು ಚೆನ್ನಾಗಿ ನೋಡಿದ್ದೇನೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದರ ಜೆರಾಕ್ಸನ್ನೂ ಇಟ್ಟುಕೊಳ್ಳುತ್ತೇನೆ.

ಕಳೆದ ಮಂಗಳವಾರ ಬೆಳಿಗ್ಗೆ ಸುಶೀಲಾ ನಮ್ಮ ಮನೆಗೆ ಬಂದಳು. ಹಿಂದಿನ ಗೇಟಿನ ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುವ ಸುಶೀಲಾ, ನಿನ್ನ ಸ್ಕೂಲಿನ ಬಿಳಿ ಅಂಗಿಗೆ ಹನ್ನೆರಡು ವರ್ಷ ಗೆರೆ ಮೂಡಿಸಿದವಳು. ಮೂವತ್ತು ವರ್ಷದಲ್ಲಿ ಅವಳು ಲಿಫ್ಟ್ ಹತ್ತಿ ನಮ್ಮ ಬಾಗಿಲಿಗೆ ಬಂದದ್ದು ಇದು ಎರಡನೆಯ ಸಲ. ಮೊದಲನೆಯ ಸಲ ಬಂದದ್ದು ನಿನ್ನ ಅಪ್ಪ ಹೋದ ದಿನ. ಒಳಗೆ ಬಾ ಅಂದರೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಒಂದು ಕಾಗದ ಚಾಚಿದಳು. "ಆಂಟೀಜೀ, ಮೈನೇ ಆಪ್ಕಾ ಕ್ಯಾ ಬಿಗಾಡಾ?" ಎಂದಳು, ನಾನು ನಿಮಗೇನು ಕೆಡುಕು ಮಾಡಿದೆ ಎಂದು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅದು ಮತದಾರರ ಪಟ್ಟಿಯ ಕಚೇರಿಯಿಂದ ಬಂದ ನೋಟಿಸು. ಬೇಲಾ ಖಾದರ್ ವಿಧಾನಸಭಾ ಕ್ಷೇತ್ರ, ಭಾಗ ಸಂಖ್ಯೆ ಎಪ್ಪತ್ತಾರರ ಮತದಾರಳಾದ ಸುಶೀಲಾ ಈ ವಿಳಾಸದಲ್ಲಿ ವಾಸವಿಲ್ಲ, ಶಾಶ್ವತವಾಗಿ ಊರಿಗೆ ಹೋಗಿದ್ದಾಳೆ, ಆದ್ದರಿಂದ ಹೆಸರು ತೆಗೆಯಬೇಕು ಎಂದು ಆಕ್ಷೇಪಣೆ ಬಂದಿದೆ, ಹದಿನೆಂಟನೆಯ ತಾರೀಖು ಬುಧವಾರ ಹನ್ನೊಂದು ಗಂಟೆಗೆ ವಿಚಾರಣೆ ಎಂದಿತ್ತು. ಆಕ್ಷೇಪಣೆ ಸಲ್ಲಿಸಿದವರ ಹೆಸರು ಶಾರದಾ ಸೂರ್ಯನಾರಾಯಣ. ನನ್ನ ಫ್ಲ್ಯಾಟ್ ನಂಬರು, ನನ್ನ ಗುರುತುಚೀಟಿಯ ನಂಬರು. ಅರ್ಜಿಯ ನಕಲನ್ನೂ ಲಗತ್ತಿಸಿದ್ದರು. ಸುಶೀಲಾಗೆ ಓದಲು ಬರುವುದಿಲ್ಲ, ಆದರೆ ಕೆಳಗಿನ ಸಹಿಯ ಮೇಲೆ ಬೆರಳಿಟ್ಟು "ಯೇ ಜಲೇಬಿ ವಾಲಾ ದಸ್ತಖತ್ ತೋ ಆಪ್ಕಾ ಹೀ ಹೈ" ಎಂದಳು, ಈ ಜಿಲೇಬಿಯಂಥ ಸಹಿ ನಿಮ್ಮದೇ ಅಲ್ಲವೇ ಎಂದು. ನಮ್ಮ ಇಡೀ ಭಾಗದಲ್ಲಿ ಕನ್ನಡದಲ್ಲಿ ಸಹಿ ಮಾಡುವವಳು ನಾನೊಬ್ಬಳೇ ಎಂದು ಅವಳಿಗೂ ಗೊತ್ತು. ಕೊಳಚೆ ನಾಲೆಯ ದಡದ ಜುಗ್ಗಿ ಗುಡಿಸಲುಗಳನ್ನು ಎತ್ತಿಸಿ ಬೇರೆ ಕಡೆ ಫ್ಲ್ಯಾಟ್ ಕೊಡುತ್ತಾರೆಂದು ಈಗ ಸರ್ವೆ ನಡೆಯುತ್ತಿದೆ. ಸರ್ವೆಯವರು ಮೊದಲು ಕೇಳುವುದೇ ಪಟ್ಟಿಯಲ್ಲಿ ಹೆಸರಿದೆಯೇ ಎಂದು. ಹೆಸರು ಹೋದರೆ ಅವಳ ಸೂರೂ ಹೋದ ಹಾಗೆ.

ಹೀಗೆ ನನ್ನ ಸಹಿಯಿರುವ ಅರ್ಜಿ ಒಂದಲ್ಲ, ನಲವತ್ತೊಂದು. ಪಟ್ಟಿಯ ಕೆಲಸಕ್ಕೆ ಹಾಕಿರುವ ಅಂಗನವಾಡಿ ಮೇಡಂ ಅಮಿತಾ ಎಲ್ಲವನ್ನೂ ತೋರಿಸಿದಳು. ನಲವತ್ತೊಂದೂ ನಾಲೆಯ ದಡದ ಜುಗ್ಗಿಯವರದು. ಗಾರೆ ಕೆಲಸದವರು, ಸೊಪ್ಪು ಮಾರುವವರು, ನಮ್ಮ ಬ್ಲಾಕಿನ ಮೆಟ್ಟಿಲು ಒರೆಸುವವಳು. ಕ್ಷೇತ್ರದಲ್ಲೆಲ್ಲ ಸೇರಿ ಇಂಥವು ಸಾವಿರದ ಮುನ್ನೂರು ಬಂದಿವೆಯಂತೆ. "ಆಪ್ ತೋ ಪಢೀ ಲಿಖೀ ಹೈಂ, ಆಂಟೀ" ಎಂದಳು ಅಮಿತಾ, ಓದಿದವರು ನೀವು ಎಂದು. ಅವಳ ದನಿಯಲ್ಲಿ ಬೈಗುಳವೂ ಇರಲಿಲ್ಲ. ನನ್ನಂಥವರಿಂದ ಇಷ್ಟೇ ನಿರೀಕ್ಷಿಸಬೇಕು ಎಂಬಂತೆ ಇತ್ತು.

ಸಹಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಈಗ ಬರೆದರೆ ಕಾಗದ ಹರಿದುಹೋಗುವಷ್ಟು ಒತ್ತಿಬಿಡುತ್ತೇನೆ. ಮೊದಲು ನನ್ನ ನೋಟ್‌ಬುಕ್ಕಿನ ಮಾತು. ಅದು ನಿನಗೆ ಹೊಸದಲ್ಲ, ಉದ್ದನೆಯ ಹಸಿರು ರಟ್ಟಿನ ರಿಜಿಸ್ಟರ್. ಲೋಧಿ ಕಾಲೋನಿಯ ಕ್ವಾರ್ಟರ್ಸ್ ಬಿಟ್ಟು ಇಲ್ಲಿಗೆ ಬಂದ ವರ್ಷವೇ, ತೊಂಬತ್ತಮೂರರಲ್ಲಿ, ಅದನ್ನು ಶುರು ಮಾಡಿದೆ. ಆಗ ದೆಹಲಿಗೆ ಮತ್ತೆ ವಿಧಾನಸಭೆ ಬಂದಿತ್ತು. ಕಚೇರಿಯವರು ನನ್ನನ್ನು ಇನ್ನೊಂದು ಕ್ಷೇತ್ರಕ್ಕೆ ಮತಗಟ್ಟೆಯ ಡ್ಯೂಟಿಗೆ ಹಾಕಿದ್ದರು. ಇಡೀ ದಿನ ಬೇರೆಯವರ ಬೆರಳಿಗೆ ಶಾಯಿ ಹಚ್ಚಿ ಮನೆಗೆ ಬಂದವಳಿಗೆ ನಮ್ಮ ಕ್ಷೇತ್ರದಲ್ಲಿ ಏನಾಯಿತು ಎಂಬ ಕುತೂಹಲ ಹತ್ತಿತು. ಅಂದಿನಿಂದ ಎಂಟು... ಅಲ್ಲ, ಏಳು ಚುನಾವಣೆ ಅದರಲ್ಲಿದೆ. ಎಂಟನೆಯದಕ್ಕೆ ಗೆರೆ ಎಳೆದು ಪುಟ ಖಾಲಿ ಇಟ್ಟಿದ್ದೆ.

ಬೇಲಾ ಖಾದರ್‌ನ ಚರಿತ್ರೆ ಎಂದರೆ ಒಂದು ನಾಲೆಯ ಚರಿತ್ರೆ. ಆ ನಾಲೆ ಮುಚ್ಚಿಸುತ್ತೇನೆ ಎಂದು ಹೇಳದೆ ಇಲ್ಲಿ ಯಾರೂ ಗೆದ್ದಿಲ್ಲ, ಮುಚ್ಚಿಸಿದವರು ಹುಟ್ಟಿಲ್ಲ. ತೊಂಬತ್ತಮೂರರಲ್ಲಿ ಗೆದ್ದವನು ಇಟ್ಟಿಗೆ ಭಟ್ಟಿಯ ಚೌಧರಿ, ಮುನ್ನೂರ ಹನ್ನೆರಡು ಓಟಿನಿಂದ. ಗೆದ್ದ ಮೇಲೆ ನಾಲೆಯ ಹೂಳನ್ನು ಎತ್ತಿಸಿ ನಮ್ಮ ಗೇಟಿನ ಮುಂದೆ ಗುಡ್ಡೆ ಹಾಕಿಸಿದ, ಮಳೆ ಬಂದು ಅದು ಮತ್ತೆ ನಾಲೆಗೇ ಹೋಯಿತು. ತೊಂಬತ್ತೆಂಟರಲ್ಲಿ ಈರುಳ್ಳಿ ಬೆಲೆ ಮುಗಿಲಿಗೆ ಹೋಗಿತ್ತಲ್ಲ, ಒಬ್ಬ ವಕೀಲ ಸೊಸೈಟಿಗಳಲ್ಲಿ ಮನೆಗೊಂದು ಕಿಲೋ ಈರುಳ್ಳಿ ಹಂಚಿ ಗೆದ್ದ. ನಿನ್ನ ಅಪ್ಪ ಸಾಲಿನಲ್ಲಿ ನಿಂತು ತಂದರು. ನಾನು ಹುಳಿ ಮಾಡಿದೆ, ನೀನು ಎರಡು ಸಲ ಹಾಕಿಸಿಕೊಂಡೆ. ಜುಗ್ಗಿಯವರು ಒಂದು ಬಾಟಲಿಗೆ ಓಟು ಮಾರಿಕೊಳ್ಳುತ್ತಾರೆ ಎಂದು ಆ ಹುಳಿ ಉಣ್ಣುತ್ತಲೇ ನಾವು ಮಾತಾಡಿಕೊಂಡೆವು. ನೆನೆಸಿಕೊಂಡರೆ ಈಗ ಬಾಯಿ ಕಹಿಯಾಗುತ್ತದೆ. ಎರಡು ಸಾವಿರದ ಮೂರರಲ್ಲಿಯೂ ಆ ವಕೀಲನೇ ಬಂದ. ಅಷ್ಟರಲ್ಲಿ ಅವನಿಗೆ ಮೂರು ಪೆಟ್ರೋಲ್ ಬಂಕುಗಳಿದ್ದವು.

ಎಂಟರಲ್ಲಿ ಕ್ಷೇತ್ರದ ಗಡಿ ಬದಲಾಯಿತು. ನಮ್ಮ ಸೊಸೈಟಿಯನ್ನೂ ನಾಲೆಯಾಚೆಯ ಜುಗ್ಗಿಗಳನ್ನೂ ಒಂದೇ ಭಾಗಕ್ಕೆ, ಒಂದೇ ಮತಗಟ್ಟೆಗೆ ಸೇರಿಸಿದರು. ಸೊಸೈಟಿಯಲ್ಲಿ ಆಗ ಎದ್ದ ಗಲಾಟೆ ನಿನಗೆ ನೆನಪಿರಬೇಕು. "ಉನ್ ಲೋಗೋಂ ಕೇ ಸಾಥ್ ಲೈನ್ ಮೇ?" ಎಂದು ಹೆಂಗಸರೆಲ್ಲ ಮೂಗು ಮುರಿದರು, ಅವರ ಜೊತೆ ಸಾಲಿನಲ್ಲಿ ನಿಲ್ಲುವುದೇ ಎಂದು. ನಮಗೆ ಬೇರೆ ಮತಗಟ್ಟೆ ಬೇಕೆಂದು ಒಂದು ಮನವಿ ಹೋಯಿತು. ಅದರ ಕರಡು ನಿನ್ನ ಅಪ್ಪ ಬರೆದದ್ದು, ಟೈಪ್ ಮಾಡಿದವಳು ನಾನು. ನೈರ್ಮಲ್ಯದ ದೃಷ್ಟಿಯಿಂದ ಎಂದು ಬರೆದಿದ್ದೆವು, ಎಂಥ ಭಾಷೆ! ಮನವಿ ತಿರಸ್ಕಾರವಾಯಿತು. ಆ ಚುನಾವಣೆಯಲ್ಲಿ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವಳು ಸುಶೀಲಾ. ನನ್ನ ಮಂಡಿ ಆಗಲೇ ಕೆಟ್ಟಿತ್ತು, ಅವಳು ನನ್ನ ಜಾಗ ಹಿಡಿದಿಟ್ಟು ನನ್ನನ್ನು ಗೋಡೆಯ ಪಕ್ಕ ಕೂರಿಸಿದಳು. ನನಗೆ ಅಂದು ಆದ ನಾಚಿಕೆಯಿಂದಲೇ ಆಮೇಲಿನ ಕೆಲಸ ಶುರುವಾದದ್ದು.

ಆಮೇಲಿನ ಕೆಲಸವೆಂದರೆ ಚೀಟಿ ಹಂಚುವುದು. ಪ್ರತಿ ಚುನಾವಣೆಗೂ ನಮ್ಮ ಭಾಗದ ಪಟ್ಟಿ ತಂದು, ಯಾರ ಕ್ರಮಸಂಖ್ಯೆ ಯಾವುದು ಎಂದು ಚೀಟಿ ಬರೆದು, ಜುಗ್ಗಿಯವರದನ್ನು ಸುಶೀಲಾಳ ಇಸ್ತ್ರಿ ಮೇಜಿನಲ್ಲಿ ಇಡುತ್ತಿದ್ದೆ. ಯಾರು ಸಿಗುತ್ತಾರೆ, ಯಾರು ಸಿಗುವುದಿಲ್ಲ ಎಂದು ತಿಳಿಯಲು ರಿಜಿಸ್ಟರಿನ ಹಿಂಭಾಗದಲ್ಲಿ ಮನೆಮನೆಯ ಪಟ್ಟಿ ಮಾಡಿದೆ. ಹಳೇ ಕ್ಲರ್ಕು ನಾನು, ಕೊನೆಯಲ್ಲಿ ಷರಾ ಎಂಬ ಕಾಲಂ ಇಲ್ಲದೆ ನನಗೆ ಪಟ್ಟಿ ಪೂರ್ತಿ ಅನ್ನಿಸುವುದಿಲ್ಲ. "ಬೇಸಿಗೆಯಲ್ಲಿ ಊರಿಗೆ ಹೋಗುತ್ತಾರೆ, ಚೀಟಿ ಇಟ್ಟಿರಬೇಕು." "ಮಗಳ ಬಾಣಂತನಕ್ಕೆ ಹೋಗಿದ್ದಾಳೆ." "ಕೆಲಸಕ್ಕೆ ಗುರ್ಗಾಂವ್, ವಾರಕ್ಕೊಮ್ಮೆ ಬರುತ್ತಾನೆ." ಸುಶೀಲಾಳ ಮುಂದೆ ಬರೆದದ್ದು, "ಮೇ-ಜೂನ್ ಊರಿನಲ್ಲಿ. ಓಟಿಗೆ ಒಮ್ಮೆಯೂ ತಪ್ಪಿಲ್ಲ."

ಹದಿಮೂರರಲ್ಲಿ ಬಂದ ಟ್ಯೂಷನ್ ಮೇಷ್ಟರನ್ನು ನಾವೆಲ್ಲ ಎಷ್ಟು ನಂಬಿದೆವು! ಎಂಟರಲ್ಲಿ ಗೆದ್ದಿದ್ದ ಭಟ್ಟಿ ಚೌಧರಿಯ ಮಗನನ್ನು ಸೋಲಿಸಿ, ಸೈಕಲ್ಲಿನಲ್ಲಿ ಬಂದು ಮನೆಮನೆಗೆ ಕೈಮುಗಿದ. ನಾನೂ ಕಣ್ಣೊರೆಸಿಕೊಂಡೆ, ಮೂರ್ಖಳು. ಹದಿನೈದರಲ್ಲಿ ಇಪ್ಪತ್ತೆಂಟು ಸಾವಿರ ಅಂತರ. ಇಪ್ಪತ್ತರಲ್ಲಿ ಅವನ ಕಾರಿನ ಗಾಜು ಕಪ್ಪಾಗಿತ್ತು, ಅಂತರ ಸಾವಿರದ ನೂರ ನಾಲ್ಕಕ್ಕೆ ಇಳಿದಿತ್ತು. ಈ ಸಂಖ್ಯೆಯನ್ನು ನೀನು ದೀಪಾವಳಿಯಲ್ಲಿ ನನ್ನ ರಿಜಿಸ್ಟರಿನಲ್ಲಿ ನೋಡಿ ಪೆನ್ಸಿಲಿನಲ್ಲಿ ಅಡಿಗೆರೆ ಹಾಕಿದೆ. ನನ್ನ ಪುಸ್ತಕದಲ್ಲಿ ಬೇರೆಯವರು ಗೀಚಿದರೆ ನನಗೆ ಆಗುವುದಿಲ್ಲ, ಆದರೂ ಅದನ್ನು ಅಳಿಸಲಿಲ್ಲ. ಸಾವಿರದ ನೂರ ನಾಲ್ಕರ ಅಂತರ, ಸಾವಿರದ ಮುನ್ನೂರು ಅರ್ಜಿ. ಈಗ ಲೆಕ್ಕ ತಿಳಿಯುತ್ತದೆ. ಭಟ್ಟಿ ಚೌಧರಿಯ ಮಗ ಮತ್ತೆ ನಿಂತಿದ್ದಾನೆ, ಚುನಾವಣೆ ಗೆಲ್ಲಿಸಿಕೊಡುವ ನಿನ್ನ ಕಂಪನಿ ಅವನದೇ ಕೆಲಸ ಹಿಡಿದಿದೆ ಎಂದು ನೀನು ನನಗೆ ಹೇಳಿರಲಿಲ್ಲ. ಅದನ್ನು ಸೊಸೈಟಿಯ ಸೆಕ್ರೆಟರಿ ರಜತ್ ಹೇಳಿದ, ಅಭಿನಂದನೆಯ ಧಾಟಿಯಲ್ಲಿ.

ದೀಪಾವಳಿಯ ಆ ನಾಲ್ಕು ದಿನವನ್ನು ನಾನು ಎಷ್ಟು ಸಲ ನೆನೆಸಿಕೊಂಡೆ ಗೊತ್ತೇ? ಮೂವತ್ತೊಂದು ವರ್ಷ ಆ ರಿಜಿಸ್ಟರನ್ನು ಮನೆಯಲ್ಲಿ ಯಾರೂ ಕೈಯಲ್ಲಿ ಹಿಡಿಯಲಿಲ್ಲ. ನಿನ್ನ ಅಪ್ಪ "ಶಾರದೆಯ ಪುರಾಣ" ಎಂದು ನಗುತ್ತಿದ್ದರು. ನೀನು ಬಂದು, ಊಟದ ಮೇಜಿನ ಮೇಲೆ ಅದನ್ನು ಬಿಡಿಸಿಕೊಂಡು, "ಅಮ್ಮ, ದಿಸ್ ಈಸ್ ಗೋಲ್ಡ್" ಅಂದಾಗ ನನಗೆ ಆದ ಸಂತೋಷಕ್ಕೆ ಎರಡನೆಯ ದಿನವೂ ಒಬ್ಬಟ್ಟು ಮಾಡಿದೆ. ಒಂದೊಂದು ಪುಟವನ್ನೂ ನೀನು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದೆ. ನಾನು ಪಕ್ಕದಲ್ಲಿ ಕೂತು ನನ್ನ ಷರಾಗಳನ್ನು ಓದಿ ವಿವರಿಸುತ್ತಿದ್ದೆ, ನಿನಗೆ ಕನ್ನಡ ಅಕ್ಷರ ನಿಧಾನ ಎಂದು. ಯಾರು ಯಾವಾಗ ಊರಿಗೆ ಹೋಗುತ್ತಾರೆ, ಯಾವ ಮನೆಗೆ ನೋಟಿಸು ಬಂದರೆ ತೆಗೆದುಕೊಳ್ಳಲು ಯಾರೂ ಇರುವುದಿಲ್ಲ, ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿದೆ. ಅವರಿಗೆ ಚೀಟಿ ತಲುಪಲಿ ಎಂದು ಬರೆದದ್ದನ್ನು ಅವರ ಹೆಸರು ಅಳಿಸಲು ಓದಿಸಿಕೊಂಡೆಯಲ್ಲ ಅಭಿ, ನನ್ನ ಕೈಯ ತುತ್ತು ತಿನ್ನುತ್ತಲೇ.

ಈಗ ಸಹಿಯ ಮಾತು. ನಲವತ್ತೊಂದು ಅರ್ಜಿಯಲ್ಲೂ ಅದೇ ಸಹಿ, ಕೂದಲೆಳೆಯ ವ್ಯತ್ಯಾಸವಿಲ್ಲ. ಶ ಅಕ್ಷರದ ಬಾಲ ನಡುಗಿದೆ, ದೀರ್ಘ ಅರ್ಧಕ್ಕೆ ಜಾರಿದೆ. ಮೊದಲು ನನ್ನದಲ್ಲ ಅಂದುಕೊಂಡೆ. ನನ್ನ ಸಹಿ ನಡುಗುವುದಿಲ್ಲ. ಮನೆಗೆ ಬಂದು ನಿನ್ನ ಅಪ್ಪನ ಫೈಲು ತೆಗೆದು ನೋಡಿದೆ. ಅವರು ಹೋಗಿ ಇಪ್ಪತ್ತು ದಿನಕ್ಕೆ, ಸತ್ತವರ ಹೆಸರು ಪಟ್ಟಿಯಲ್ಲಿ ಇರಬಾರದು, ಇದ್ದರೆ ಅದರಲ್ಲಿ ಇನ್ಯಾರೋ ಓಟು ಹಾಕುತ್ತಾರೆ ಎಂದು ನಾನೇ ಹೋಗಿ ಹೆಸರು ತೆಗೆಸುವ ಅರ್ಜಿ ತುಂಬಿದ್ದೆ. ಜೀವಮಾನದಲ್ಲಿ ನಾನು ತುಂಬಿದ ಅಂಥ ಅರ್ಜಿ ಅದೊಂದೇ. ನನ್ನ ಕೈ ನಡುಗಿದ್ದೂ ಅವತ್ತು ಒಂದೇ ದಿನ. ಅದರ ಜೆರಾಕ್ಸ್ ಆ ಫೈಲಿನಲ್ಲಿತ್ತು, ಫೈಲು ರಿಜಿಸ್ಟರಿದ್ದ ಬೀರುವಿನಲ್ಲೇ ಇತ್ತು. ಥೂ. ಇದಕ್ಕಿಂತ ದೊಡ್ಡ ಮಾತು ನನಗೆ ಸಿಗುತ್ತಿಲ್ಲ. ನಿನ್ನ ಅಪ್ಪನ ಹೆಸರು ಅಳಿಸಲು ನಾನು ಅಳುತ್ತ ಹಾಕಿದ ಸಹಿಯನ್ನು ನೀನು ನಲವತ್ತೊಂದು ಸಲ ಅಚ್ಚು ಹೊಡೆಸಿದೆ.

ಶನಿವಾರ ಫೋನಿನಲ್ಲಿ ನೀನು ಹೇಳಿದ್ದನ್ನು ಬರೆದಿಡುತ್ತೇನೆ, ಆಮೇಲೆ ಹಾಗೆ ಹೇಳಿಲ್ಲ ಎನ್ನಬೇಡ. ಮೊದಲು, "ಅಮ್ಮ, ಇದು ಬರೀ ಡೇಟಾ. ಯಾರನ್ನೂ ಪರ್ಸನಲ್ ಆಗಿ ಟಾರ್ಗೆಟ್ ಮಾಡಿಲ್ಲ." ಆಮೇಲೆ, "ಪ್ರತಿ ಪಾರ್ಟ್‌ಗೂ ಅಲ್ಲಿಯದೇ ವೋಟರ್ ಒಬ್ಬರ ಹೆಸರು ಬೇಕಿತ್ತು. ನಿನ್ನಷ್ಟು ಕ್ಲೀನ್ ಹೆಸರು ಯಾರದಿದೆ?" ಆಮೇಲೆ, "ನೀನು ಹಿಯರಿಂಗ್‌ಗೆ ಹೋಗಬೇಡ, ಹುಷಾರಿಲ್ಲ ಅನ್ನು. ಅರ್ಧ ಜನ ಊರಲ್ಲಿರ್ತಾರೆ, ಅವರೂ ಬರಲ್ಲ. ಎಲೆಕ್ಷನ್ ಆದ್ಮೇಲೆ ಯಾರೂ ಕೇಳಲ್ಲ." ಕೊನೆಗೆ ಇದೊಂದು ಅಂದೆ. "ಸುಶೀಲಾ ಆಂಟಿದು ಒಂದು ಬೇಕಾದ್ರೆ ವಾಪಸ್ ತಗೋಳಿಸ್ತೀನಿ. ಚಲೋ, ಖುಷಿನಾ?"

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಆ ಮಾತು ಕೇಳಿ ಒಂದು ಕ್ಷಣ ನನಗೆ ಹಾಯೆನಿಸಿತು. ಸುಶೀಲಾಳ ಹೆಸರು ಉಳಿಯುತ್ತದೆ, ನಿನ್ನ ಹೆಸರೂ ಉಳಿಯುತ್ತದೆ, ನಾನು ಸಂಜೆ ಹಿಂದಿನ ಗೇಟಿಗೆ ಹೋಗಿ ಅವಳ ಮುಖ ನೋಡಬಹುದು ಎಂದು ಲೆಕ್ಕ ಹಾಕಿದೆ. ಉಳಿದ ನಲವತ್ತು ಜನ ಆ ಒಂದು ಕ್ಷಣ ನನಗೆ ನೆನಪಾಗಲಿಲ್ಲ. ಈರುಳ್ಳಿ ತಂದು ಹುಳಿ ಮಾಡಿದವಳೇ ತಾನೇ ನಾನು. ನಿನ್ನನ್ನು ನೋಡಿ ಹೇಸಿಕೊಳ್ಳುತ್ತ ಕೂತರೆ ಅದರಲ್ಲಿ ಅರ್ಧ ನನ್ನ ಕಡೆಗೇ ತಿರುಗುತ್ತದೆ. ನೀನು ಆಕಾಶದಿಂದ ಬಿದ್ದವನಲ್ಲ, ಈ ಮನೆಯಲ್ಲೇ ಬೆಳೆದವನು.

ಸೊಸೈಟಿಯಲ್ಲಂತೂ ಹಬ್ಬ. ರಜತ್ ಲಿಫ್ಟಿನಲ್ಲಿ ಸಿಕ್ಕಿ "ಅಚ್ಛಾ ಹೀ ಹುವಾ ಆಂಟೀ, ಸಫಾಯೀ ಹೋ ರಹೀ ಹೈ" ಎಂದ. ಸ್ವಚ್ಛತೆ ನಡೆಯುತ್ತಿದೆಯಂತೆ. ಅವನ ಮನೆಯ ಪಾತ್ರೆ ತೊಳೆಯುವವಳ ಹೆಸರೂ ಆ ನಲವತ್ತೊಂದರಲ್ಲಿದೆ ಎಂದೆ. ಅವನು "ಓಹೋ" ಎಂದು ಫೋನ್ ನೋಡುತ್ತ ನಾಲ್ಕನೆಯ ಮಹಡಿಯಲ್ಲಿ ಇಳಿದ. ಮೂರು ಜನ ಹೆಂಗಸರು ನನ್ನನ್ನು ಹುಡುಕಿಕೊಂಡು ಬಂದು ನಿಮ್ಮಂಥ ಧೈರ್ಯ ಬೇಕು ಎಂದು ಹೊಗಳಿಹೋದರು. ನಲವತ್ತೊಂದು ಅರ್ಜಿಗೆ ಸಹಿ ಹಾಕಿದ ಧೈರ್ಯವಂತೆ! ಅವರು ಕುಡಿದ ಕಾಫಿ ಲೋಟಗಳನ್ನು ಎರಡೆರಡು ಸಲ ತೊಳೆದೆ.

ಭಾನುವಾರ ಲಾವಣ್ಯಾ ಹರಿಣಿಯನ್ನು ಕರೆದುಕೊಂಡು ನೋಯ್ಡಾದಿಂದ ಬಂದಿದ್ದಳು. ನಿನ್ನ ಹೆಂಡತಿಯಾದ ಅವಳಿಗಾದರೂ ಏನಾದರೂ ಗೊತ್ತಿದೆಯೇ ಎಂದು ಕೇಳಿದೆ. "ಅವರು ಹೇಳೋದಿಲ್ಲ ಅತ್ತೆ, ನಾನು ಕೇಳೋದು ಬಿಟ್ಟು ಎರಡು ವರ್ಷ ಆಯ್ತು" ಎಂದಳು. ಹರಿಣಿ ನನ್ನ ಖಾಲಿ ಪುಟದ ಮೇಲೆ ಬಣ್ಣ ಹಚ್ಚುತ್ತ, "ಅಜ್ಜಿ, ಪಪ್ಪಾ ಲೋಗೋಂ ಕೋ ಜಿತಾತೇ ಹೈಂ ನಾ?" ಎಂದು ಕೇಳಿತು, ಪಪ್ಪಾ ಜನರನ್ನು ಗೆಲ್ಲಿಸುತ್ತಾರಲ್ಲವೇ ಎಂದು. ಹೌದು ಎಂದೆ. ಎಂಟು ವರ್ಷದ ಮಗುವಿಗೆ ಇನ್ನೇನು ಹೇಳಲಿ? ಎಂಟನೆಯ ಚುನಾವಣೆಯ ಪುಟದಲ್ಲಿ ಈಗ ಒಂದು ನವಿಲು ಕೂತಿದೆ.

ನಾಳೆ ಬುಧವಾರ. ನನ್ನ ಮುಂದೆ ಇರುವ ದಾರಿಗಳನ್ನು ನಾನೂ ಲೆಕ್ಕ ಹಾಕಿದ್ದೇನೆ. ಹೋಗದಿದ್ದರೆ ನೀನು ಹೇಳಿದ ಹಾಗೆ ಆಗಬಹುದು, ಊರಿನಲ್ಲಿರುವವರ ಹೆಸರುಗಳು ಸದ್ದಿಲ್ಲದೆ ಹೋಗುತ್ತವೆ. ಹೋಗಿ ಸಹಿ ನನ್ನದು ಎಂದರೆ ಸುಳ್ಳು ಘೋಷಣೆ, ಒಂದು ವರ್ಷದವರೆಗೆ ಜೈಲು ಎಂದು ಆ ಅರ್ಜಿಯ ಕೆಳಗೇ ಅಚ್ಚಾಗಿದೆ. ನನ್ನದಲ್ಲ ಎಂದರೆ ಹಾಗಾದರೆ ಯಾರದು ಎಂದು ಕೇಳುತ್ತಾರೆ. ಈ ಮೂರನೆಯದರ ಮುಂದೆ ಬಂದಾಗಲೆಲ್ಲ ಎದ್ದು ಹೋಗಿ ಒಲೆಯ ಮೇಲೆ ಏನಾದರೂ ಇಡುತ್ತೇನೆ. ಬೆಳಿಗ್ಗೆಯಿಂದ ನಾಲ್ಕು ಸಲ ಕಾಫಿ ಆಯಿತು. ಎಪ್ಪತ್ತನೆಯ ವಯಸ್ಸಿನಲ್ಲಿ ಒಬ್ಬನೇ ಮಗನ ಮೇಲೆ ಬರೆದುಕೊಡುವ ತಾಯಿ ಎಂಥವಳು ಎಂದು ಜನ ಕೇಳುತ್ತಾರೆ. ಕೇಳಲಿ. ಆದರೆ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಹಾಗಾಗಿ ನಾಳೆ ಏನು ಮಾಡುತ್ತೇನೆಂದು ಈ ಸಾಲು ಬರೆಯುವಾಗಲೂ ನನಗೆ ಗೊತ್ತಿಲ್ಲ.

ನಿನಗೆ ಹೆಣೆಯುತ್ತಿರುವ ಸ್ವೆಟರಿನ ಒಂದು ತೋಳು ಬಾಕಿ ಇದೆ. ಬೂದು ಬಣ್ಣದ್ದು, ನೀನು ಕೇಳಿದ ಹಾಗೆಯೇ. ಮೈ ನೋಡಿಕೊ. ಮೊದಲೇ ಆಶೀರ್ವಾದ ಮಾಡಿದ್ದು ಒಳ್ಳೆಯದಾಯಿತು, ಈಗ ಕೂತರೆ ಬರುತ್ತಿರಲಿಲ್ಲ. ಆದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಿನ್ನ
ಅಮ್ಮ

ಮರೆತ ಮಾತು: ಬುಧವಾರ ಮಧ್ಯಾಹ್ನ ಎರಡೂವರೆ, ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಅವಸರದಲ್ಲಿ ಬರೆಯುತ್ತಿದ್ದೇನೆ. ಹೋಗಿದ್ದೆ. ಸುಶೀಲಾಳ ಜೊತೆ ಹನ್ನೊಂದು ಜನ ಮಾತ್ರ ಬಂದಿದ್ದರು. ಉಳಿದವರು ಬರಲಿಲ್ಲ, ನೀನು ಎಣಿಸಿದ್ದು ಸರಿಯೇ. ಅಧಿಕಾರಿ ವಯಸ್ಸಿನಲ್ಲಿ ನಿನಗಿಂತ ಚಿಕ್ಕವನು, ಒಳ್ಳೆಯ ಹುಡುಗ. ನಾನು ಸಹಿ ನನ್ನದು ಆದರೆ ನಾನು ಹಾಕಿದ್ದಲ್ಲ ಎಂದಾಗ ಅವನಿಗೆ ಅರ್ಥವಾಯಿತು. "ಮಾತಾಜೀ, ಯಾರು ಮಾಡಿದರೋ ಗೊತ್ತಿಲ್ಲ ಎಂದು ಬರೆದುಕೊಡಿ, ಸಾಕು" ಎಂದು ಅವನೇ ದಾರಿ ತೋರಿಸಿದ. ಪೆನ್ನು ತೆಗೆದುಕೊಂಡೆ. ಗೊತ್ತಿಲ್ಲ ಎಂದು ಬರೆದರೆ ನಲವತ್ತೊಂದೂ ಅರ್ಜಿ ಬಿದ್ದುಹೋಗುತ್ತಿದ್ದವು, ಆದರೆ ಕ್ಷೇತ್ರದ ಉಳಿದ ಸಾವಿರದಿನ್ನೂರಕ್ಕೂ ಹೆಚ್ಚು ಅರ್ಜಿಗಳ ಹಿಂದೆ ಯಾರ ಕೈ ಇದೆ ಎಂದು ಯಾರೂ ಹುಡುಕುತ್ತಿರಲಿಲ್ಲ. ನಿನ್ನ ಹೆಸರು ಬರೆದೆ ಅಭಿ, ನಿನ್ನ ಕಂಪನಿಯ ಹೆಸರನ್ನೂ. ಕೆಳಗೆ ಸಹಿ ಮಾಡಿದೆ. ಅವರು ನಿನ್ನ ವಿಳಾಸ ಕೇಳಿದರು, ಈ ಲಕೋಟೆಯ ಮೇಲೆ ಬರೆದಿರುವುದನ್ನೇ ಕೊಟ್ಟೆ. ಇದು ಸ್ಪೀಡ್ ಪೋಸ್ಟು, ಶುಕ್ರವಾರ ನಿನ್ನ ಕೈಸೇರುತ್ತದೆ. ಅವರ ನೋಟಿಸು ಸೋಮವಾರಕ್ಕಿಂತ ಮೊದಲು ಹೊರಡುವುದಿಲ್ಲ ಎಂದು ಆ ಹುಡುಗ ಹೇಳಿದ. ಮಧ್ಯೆ ಎರಡು ದಿನ ಇದೆ. ಯಾರಾದರೂ ಕರೆಯುವ ಮೊದಲು ನೀನಾಗಿಯೇ ಬಾ.